ಹಾರ ಹಾಕಿಸಿಕೊಂಡ ನಟ

ಬಾಲೂರ್ಘಾಟ್, ಪಶ್ಚಿಮ ದಿನಾಜ್‌ಪುರ
೬ ಜನವರಿ ೧೯೭೫

ವ್ಯವಸ್ಥಾಪಕರು
ತ್ರಿನಯನೀ ಪಿಕ್ಚರ್ಸ್, ಟಾಲಿಗಂಜ್, ಕಲ್ಕತ್ತ

ಮಾನ್ಯರೆ,

ನಾನು ಇಲ್ಲಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವ ಅಧ್ಯಾಪಕಿ. ನಿಮ್ಮ ಚಿತ್ರಗಳಲ್ಲಿ ನಟಿಸುತ್ತಿದ್ದ ಶಿವತೋಷ ಬಾಗ್ಚಿಯವರ ಒಬ್ಬಳೇ ಮಗಳು. ಅವರು ತೀರಿಕೊಂಡ ಸುದ್ದಿ ನಮಗೆ ಸಿಕ್ಕಿದ್ದು ನಿಮ್ಮ ‘ಘೋಷಾಲರ ಮನೆ’ ಚಿತ್ರದಿಂದ. ಮನೆಯವರಿಗೆ ಒಂದು ಕಾರ್ಡು ಬರೆದು ಹಾಕುವಷ್ಟು ಸೌಜನ್ಯ ನಿಮ್ಮಲ್ಲಿ ಯಾರಿಗೂ ಇರಲಿಲ್ಲವೆಂದು ಕಾಣುತ್ತದೆ.

ನನ್ನ ತಂದೆ ಮನೆಗೆ ಪತ್ರ ಬರೆಯುವುದನ್ನು ನಿಲ್ಲಿಸಿ ಎಷ್ಟೋ ವರ್ಷಗಳಾದವು. ದುರ್ಗಾಪೂಜೆ ಮುಗಿದ ಮರುದಿನದಿಂದ ಬೀದಿಯ ಎಲ್ಲ ಮನೆಗಳಿಗೂ ಬಿಜೋಯಾದ ಹಾರೈಕೆ ಪತ್ರಗಳು ಬರುತ್ತವೆ. ನಮ್ಮ ಮನೆಗೆ ಬರುತ್ತಿದ್ದದ್ದು ಸಿನಿಮಾ. ವರ್ಷದಲ್ಲಿ ಎರಡೋ ಮೂರೋ ಚಿತ್ರಗಳಲ್ಲಿ ಅವರು ಒಂದು ಗಳಿಗೆ ಕಾಣಿಸಿಕೊಳ್ಳುತ್ತಿದ್ದರು. ಅಮ್ಮ ನೋಡಿಬಂದು, ಈ ಸಲ ಬಡವಾಗಿದ್ದಾರೆ, ಈ ಸಲ ಹಲ್ಲು ಕಟ್ಟಿಸಿಕೊಂಡಿದ್ದಾರೆ ಎಂದು ವರದಿ ಒಪ್ಪಿಸುತ್ತಿದ್ದಳು. ಇತ್ತೀಚಿನ ಚಿತ್ರಗಳಲ್ಲಿ ಅವರು ಹೆಣವಾಗಿ ಮಲಗಿದ್ದನ್ನೂ ನೋಡಿದ್ದೇವೆ. ಆಗಲೂ ಅಮ್ಮ ಹೆದರಲಿಲ್ಲ. ಹೆಣದ ಪಾತ್ರ ಮಾಡುವುದಕ್ಕಾದರೂ ಮನುಷ್ಯ ಬಂದು ಮಲಗಬೇಕಲ್ಲ ಎನ್ನುವುದು ಅವಳ ಲೆಕ್ಕ.

ಕಾಳಿ ಪೂಜೆ ಮುಗಿದ ಮರುವಾರ ನಿಮ್ಮ ಚಿತ್ರ ನಮ್ಮೂರಿಗೆ ಬಂತು. ನಾವಿಬ್ಬರೂ ಹೋಗಿದ್ದೆವು. ಅರ್ಧ ಚಿತ್ರ ಮುಗಿದರೂ ಬಾಬಾ, ನನ್ನ ತಂದೆ, ಬರಲಿಲ್ಲ. ಆಮೇಲೆ ನಾಯಕ ಕೆಲಸ ಸಿಕ್ಕಿತೆಂದು ಓಡೋಡಿ ಮನೆಗೆ ಬಂದು, ಗೋಡೆಯ ಮುಂದೆ ನಿಂತು ಕೈಮುಗಿದ. ಗೋಡೆಯ ಮೇಲೆ ನನ್ನ ತಂದೆಯ ಫೋಟೋ. ಹಣೆಗೆ ಗಂಧದ ಚುಕ್ಕೆ, ಕೊರಳಿಗೆ ರಜನಿಗಂಧ ಹೂವಿನ ಹಾರ, ಕೆಳಗೆ ಊದುಬತ್ತಿ. ಇಡೀ ಚಿತ್ರದಲ್ಲಿ ಅವರು ಇನ್ನೆಲ್ಲೂ ಇಲ್ಲ. ಅಮ್ಮ ನನ್ನ ಕೈ ಹಿಡಿದುಕೊಂಡಳು.

ನಮ್ಮ ಬೀದಿಯಲ್ಲಿರುವ ನಿವೃತ್ತ ಹೆಡ್‌ಮಾಸ್ಟರ್ ನಿರಾಪದ ಬಾಬುಗಳಿಗೆ ಪ್ರಪಂಚದ ಎಲ್ಲ ವಿಷಯವೂ ಗೊತ್ತು. ದೊಡ್ಡ ಕಂಪನಿಗಳು ತೀರಿಕೊಂಡ ನಟರಿಗೆ ಗೌರವ ಸಲ್ಲಿಸುವುದು ಹೀಗೆಯೇ ಎಂದು ಅವರೂ ಹೇಳಿದರು. ಬಾಬಾ ಇದ್ದ ಭವಾನೀಪುರದ ಮೆಸ್ಸಿಗೆ ಅವರ ತಮ್ಮ, ನನ್ನ ಕಾಕಾ, ಬರೆದ ಪತ್ರ ‘ಇಲ್ಲಿಲ್ಲ’ ಎಂಬ ಮುದ್ರೆಯೊಂದಿಗೆ ವಾಪಸಾಯಿತು. ದೇಹ ಸಿಗದವರಿಗೆ ಮಾಡುವಂತೆ ಆತ್ರೇಯಿ ಹೊಳೆಯ ದಡದಲ್ಲಿ ದರ್ಭೆಯ ಗೊಂಬೆ ಮಾಡಿ, ತಲೆಗೆ ತೆಂಗಿನಕಾಯಿ ಇಟ್ಟು, ಕಾಕಾ ಬೆಂಕಿ ಕೊಟ್ಟರು. ಶ್ರಾದ್ಧವೂ ಆಯಿತು. ಊರಿನವರೆಲ್ಲ ಬಂದು ಅವರ ಗುಣಗಾನ ಮಾಡಿದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು.

ಈಗ ನನಗೆ ನಿಮ್ಮಿಂದ ಬೇಕಾಗಿರುವುದು ಇಷ್ಟೇ. ಅವರು ತೀರಿಕೊಂಡದ್ದು ಯಾವ ದಿನ? ತಿಥಿ ಗೊತ್ತಿಲ್ಲದೆ ಪುರೋಹಿತರು ಅಮಾವಾಸ್ಯೆಯನ್ನು ಗೊತ್ತುಮಾಡಿದ್ದಾರೆ. ಸರಿಯಾದ ದಿನ ತಿಳಿದರೆ ಅಮ್ಮನ ಮನಸ್ಸಿಗೆ ಸಮಾಧಾನವಾದೀತು. ಕೊನೆಗಾಲದಲ್ಲಿ ಹತ್ತಿರ ಯಾರಿದ್ದರು ಎಂಬುದನ್ನೂ ತಿಳಿದಿದ್ದರೆ ಬರೆಯಿರಿ.

ವಿನೀತೆ,
ಸ್ವಾಗತಾ ಬಾಗ್ಚಿ


ಟಾಲಿಗಂಜ್, ಕಲ್ಕತ್ತ
೧೫ ಜನವರಿ ೧೯೭೫

ಶ್ರೀಮತಿ ಸ್ವಾಗತಾ ದೇವಿಯವರಿಗೆ ನಮಸ್ಕಾರ.

ಈ ಪತ್ರವನ್ನು ಹೇಗೆ ಶುರುಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದು ಹಾಕಿದೆ. ಕುಳಿತುಕೊಂಡು ಓದಿ, ಹತ್ತಿರ ಯಾರನ್ನಾದರೂ ಇಟ್ಟುಕೊಳ್ಳಿ. ನಿಮ್ಮ ತಂದೆ ಬದುಕಿದ್ದಾರೆ.

ನಿಮ್ಮ ಲಕೋಟೆ ಬಂದಾಗ ಅವರು ನನ್ನ ಎದುರಿನ ಬೆಂಚಿನ ಮೇಲೆಯೇ ಕೂತು ಚಹಾ ಕುಡಿಯುತ್ತಿದ್ದರು. ನಾನು ಮೊದಲ ನಾಲ್ಕು ಸಾಲು ಓದಿ, ತಲೆಯೆತ್ತಿ ಅವರನ್ನು ನೋಡಿ, ಮತ್ತೆ ಓದಿದೆ. ನನ್ನ ಮುಖ ಕಂಡು ಅವರೇ ಕಾಗದ ಕಿತ್ತುಕೊಂಡರು. ನಿಂತುಕೊಂಡೇ ಕೊನೆಯವರೆಗೂ ಓದಿದರು. ಮೂವತ್ತು ವರ್ಷ ನಟರ ಮಧ್ಯೆ ಕಳೆದ ನನಗೆ ಯಾವುದು ಅಭಿನಯ, ಯಾವುದಲ್ಲ ಎಂದು ಗೊತ್ತಾಗುತ್ತದೆ. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. “ಪತಿತದಾ, ನನ್ನ ಶ್ರಾದ್ಧಕ್ಕೆ ಎಷ್ಟು ಜನ ಬಂದಿದ್ರು ಅಂತ ಬರ್ದಿಲ್ವಲ್ಲ” ಅಂದರು.

ಫೋಟೋದ ವಿಷಯ ಹೇಳಬೇಕು. ನಮ್ಮ ಚಿತ್ರಗಳಲ್ಲಿ ನಾಯಕನಿಗೋ ನಾಯಕಿಗೋ ತಂದೆ ತೀರಿಕೊಂಡಿರುವುದು ಮಾಮೂಲಿ. ತಂದೆ ತೀರಿಕೊಂಡ ಮೇಲೆ ಗೋಡೆಗೆ ಫೋಟೋ ಬೇಕು. ಬದುಕಿರುವ ಯಾರೂ ತಮ್ಮ ಫೋಟೋಕ್ಕೆ ಹಾರ ಹಾಕಿಸಿಕೊಳ್ಳಲು ಒಪ್ಪುವುದಿಲ್ಲ, ಆಯುಸ್ಸು ಕಡಿಮೆಯಾಗುತ್ತದೆ ಎಂಬ ಭಯ. ಶಿವತೋಷ ಬಾಬು ಒಪ್ಪಿದರು. ಸೊಂಟ ಹಿಡಿದುಕೊಂಡು ಅವರಿಗೆ ಹೆಣವಾಗಿ ನೆಲದ ಮೇಲೆ ಮಲಗಲೂ ಆಗದಿದ್ದ ಸಮಯ ಅದು. ಮೆಸ್ಸು ಬಿಟ್ಟು ಸ್ಟುಡಿಯೋದಲ್ಲೇ ಉಳಿಯತೊಡಗಿದ್ದರು. ತಲೆಗೆ ಬಿಳಿ ಬಳಿದು, ಹೆಗಲಿಗೆ ಶಾಲು ಹೊದಿಸಿ ಒಂದು ಫೋಟೋ ತೆಗೆಸಿದೆವು. ಅದು ನಮ್ಮ ಸಾಮಾನಿನ ಕೋಣೆಯಲ್ಲಿ ಲಾಟೀನುಗಳ ಪಕ್ಕ ಇರುತ್ತದೆ. ಅದರಿಂದ ಒಂದು ಮನೆ ಮುರಿದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ನಿಮ್ಮ ತಾಯಿಯವರ ಪಾದಕ್ಕೆ ನನ್ನ ಪ್ರಣಾಮ ತಿಳಿಸಿ. ನನ್ನನ್ನು ಶಪಿಸಬೇಡಿರೆಂದೂ ಹೇಳಿ.

ಇಂತು,
ಪತಿತಪಾವನ ಧರ್, ವ್ಯವಸ್ಥಾಪಕ


ಟಾಲಿಗಂಜ್
೧೮ ಜನವರಿ ೧೯೭೫

ನನ್ನ ಟುಕುವಿಗೆ ಆಶೀರ್ವಾದ.

ಆಶೀರ್ವಾದ ಮಾಡುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಕೈ ತಾನಾಗಿ ಬರೆಯಿತು. ಮೂರು ದಿನದಿಂದ ಕನ್ನಡಿಯ ಮುಂದೆ ನಿಂತು ಮುಖ ಮುಟ್ಟಿ ನೋಡಿಕೊಳ್ಳುತ್ತಿದ್ದೇನೆ. ನನ್ನ ತಮ್ಮ ಆಶು, ನಾನು ಹೆಗಲ ಮೇಲೆ ಹೊತ್ತು ತಿರುಗಿದವನು, ನನಗೆ ಬೆಂಕಿ ಇಟ್ಟನೆಂದರೆ ನಂಬಲು ಆಗುತ್ತಿಲ್ಲ. ಚಿತೆಯ ಮೇಲೆ ಎಷ್ಟು ಸಲ ಮಲಗಿದ್ದೇನೆ, ನಿರ್ದೇಶಕರು “ಸಾಕು” ಎಂದ ಕೂಡಲೇ ಎದ್ದು ಬೀಡಿ ಹಚ್ಚಿದ್ದೇನೆ. ಈ ಚಿತೆಯಿಂದ ಏಳುವುದು ಹೇಗೆ ಎಂದು ತಿಳಿಯುತ್ತಿಲ್ಲ.

ನೀನು ನಾಲ್ಕು ವರ್ಷದವಳಿದ್ದಾಗ ನಾನು ಊರು ಬಿಟ್ಟೆ. ಬಾಲೂರ್ಘಾಟ್‌ನ ರಂಗದ ಮೇಲೆ ಚಂದ್ರಗುಪ್ತನಾಗಿ ನಿಂತರೆ ಹಿಂದಿನ ಸಾಲಿನವರೂ ಉಸಿರು ಹಿಡಿಯುತ್ತಿದ್ದರು. ನಿಮ್ಮ ಜಾಗ ಇಲ್ಲಲ್ಲ, ಕಲ್ಕತ್ತದಲ್ಲಿ ಎಂದು ಎಲ್ಲರೂ ಉಬ್ಬಿಸಿದರು. ಎರಡನೇ ಚಿತ್ರದಲ್ಲೇ ನಾಯಕನಾದೆ. ಚಿತ್ರ ಒಂದು ವಾರ ಓಡಿತು. ಆಮೇಲೆ ನಾಯಕನ ಗೆಳೆಯನಾದೆ. ಆಮೇಲೆ ಡಾಕ್ಟರನಾದೆ. ಸ್ಟೆತಾಸ್ಕೋಪು ಕೊರಳಿಗೆ ಹಾಕಿಕೊಂಡು, ಇನ್ನೆಲ್ಲ ದೇವರ ಕೈಯಲ್ಲಿದೆ ಎಂದು ತಲೆ ಅಲ್ಲಾಡಿಸುವ ಡಾಕ್ಟರ. ಹತ್ತು ವರ್ಷ ತಲೆ ಅಲ್ಲಾಡಿಸಿದೆ. ಆಗೆಲ್ಲ ನಿಮಗೆ ಬಿಜೋಯಾ ಪತ್ರ ಹಾಕುತ್ತಿದ್ದೆ. ನಿನಗೆ ನೆನಪಿರಬಹುದು, ಮುಂದಿನ ವರ್ಷ ದೊಡ್ಡ ಪಾತ್ರ ಬರುತ್ತದೆ, ಬಂದ ಕೂಡಲೇ ನಿಮ್ಮನ್ನು ಕರೆಸಿಕೊಳ್ಳುತ್ತೇನೆ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದೆ.

ಒಂದು ದಿನ ಹೆಣವಾಗಬೇಕಿದ್ದ ಮನುಷ್ಯ ಕೆಮ್ಮುತ್ತಲೇ ಇದ್ದ. ಬಾಗ್ಚಿದಾ, ನೀವು ಮಲಗಿ ಅಂದರು. ನಾನು ಉಸಿರು ಹಿಡಿದೆ. ನಿರ್ದೇಶಕರಿಗೆ ಬಹಳ ಹಿಡಿಸಿತು. ಅಲ್ಲಿಂದ ಮುಂದೆ ಟಾಲಿಗಂಜ್‌ನಲ್ಲಿ ಹೆಣ ಬೇಕೆಂದರೆ ಬಾಗ್ಚಿ. ಆ ವರ್ಷ ಬಿಜೋಯಾ ಪತ್ರ ಬರೆಯಲು ಕೂತೆ, ನಿಮ್ಮಮ್ಮನಿಗೆ ಏನೆಂದು ಬರೆಯಲಿ? ಮುಂದಿನ ವರ್ಷ ಬರೆದರಾಯಿತು ಎಂದುಕೊಂಡೆ. ಮುಂದಿನ ವರ್ಷವೂ ಹಾಗೆಯೇ ಆಯಿತು. ನೀವು ನನ್ನನ್ನು ನೋಡಲು ಸಿನಿಮಾಕ್ಕೆ ಹೋಗುತ್ತಿದ್ದಿರೆಂದು ನಾನು ಯೋಚಿಸಿರಲೇ ಇಲ್ಲ ಟುಕು. ಆ ಸಂಗತಿ ಓದಿ ನನ್ನ ಎದೆ ಒಡೆಯಿತು. ಗೊತ್ತಿದ್ದರೆ ಒಂದು ಸಲವಾದರೂ ಕ್ಯಾಮರಾದ ಕಡೆ ನೇರವಾಗಿ ನೋಡುತ್ತಿದ್ದೆ.

ಒಂದು ಮಾತು ಕೇಳಬೇಕು. ಕೇಳಲು ಭಯವಾಗುತ್ತಿದೆ. ನಿಮ್ಮಮ್ಮ ಮುತ್ತೈದೆತನದ ಶಂಖದ ಬಳೆ ತೆಗೆದಿದ್ದಾಳೆಯೇ? ಬೇಗ ಬರೆ. ನಾನು ಊರಿಗೆ ಬರಲೇ ಎಂಬುದನ್ನೂ ಬರೆ.

ನಿನ್ನ ನತದೃಷ್ಟ ತಂದೆ,
ಶಿವತೋಷ


ಬಾಲೂರ್ಘಾಟ್
೨ ಫೆಬ್ರವರಿ ೧೯೭೫

ಶ್ರೀಚರಣಗಳಲ್ಲಿ,

ಬಾಬಾ, ನಿಮ್ಮ ಪತ್ರ ಕೈಯಲ್ಲಿ ಹಿಡಿದು ಅಡುಗೆಮನೆಯ ಗೋಡೆಗೆ ಒರಗಿ ನಿಂತೆ. ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಅಳು ಇನ್ನೂ ಬಂದಿಲ್ಲ.

ಬಳೆ ತೆಗೆದಿದ್ದಾಳೆಯೇ ಎಂದು ಕೇಳಿದ್ದೀರಿ. ತೆಗೆಯಲಿಲ್ಲ, ಒಡೆದರು. ಹೊಳೆಯ ಸ್ನಾನಘಟ್ಟದ ಮೆಟ್ಟಿಲ ಮೇಲೆ ಅವಳ ಕೈ ಇಟ್ಟು, ಪಕ್ಕದ ಪಾಲ್ ಮನೆಯ ಹಿರಿಯಾಕೆ ಮಾಶಿಮಾ ಇಟ್ಟಿಗೆಯಿಂದ ಕುಟ್ಟಿದರು. ಶಂಖದ ಬಳೆ ಒಡೆಯಿತು, ಕಬ್ಬಿಣದ ಬಳೆ ಹೊಳೆಗೆ ಹೋಯಿತು. ಬೈತಲೆಯ ಸಿಂಧೂರವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಇಷ್ಟು ವರ್ಷದ ಸಿಂಧೂರ ಒಂದೇ ಸಲಕ್ಕೆ ಹೋಗಲಿಲ್ಲ, ಉಜ್ಜಿ ಉಜ್ಜಿ ತೆಗೆಯಬೇಕಾಯಿತು. ಶ್ರಾದ್ಧ ಮುಗಿದ ಮೇಲೆ ಸೂತಕ ಕಳೆಯಿತೆಂದು ನಾವೆಲ್ಲ ಮೀನು ತಿಂದೆವು. ವಿಧವೆ ಮೀನು ಮುಟ್ಟುವಂತಿಲ್ಲವೆಂದು ಅವಳು ಒಳಗೆ ಬೇರೆ ಒಲೆ ಹೂಡಿ ಅಕ್ಕಿ, ಹಸಿ ಬಾಳೆಕಾಯಿ ಬೇಯಿಸಿಕೊಂಡಳು. ನಲವತ್ತಾರು ವರ್ಷ ಅವಳಿಗೆ. ಮೀನಿನ ತಲೆ ಕಂಡರೆ ಮಗುವಿನ ಹಾಗೆ ಕುಣಿಯುವವಳು ಎಂದು ನಿಮಗೆ ಗೊತ್ತೋ ಇಲ್ಲವೋ.

ಧರ್ ಬಾಬುಗಳ ಪತ್ರ ಬಂದಾಗ ಅವಳು ಈಳಿಗೆಯ ಮುಂದೆ ಕೂತು ಕುಂಬಳಕಾಯಿ ಹೆಚ್ಚುತ್ತಿದ್ದಳು. ಬಾಬಾ ಬದುಕಿದ್ದಾರಂತೆ ಎಂದೆ. ಕೈ ನಿಂತಿತು. ಓದು ಅಂದಳು, ಓದಿದೆ. “ಚಹಾ ಕುಡೀತಿದ್ರಂತಾ?” ಎಂದು ಕೇಳಿದಳು. ಹೌದು ಎಂದೆ. ಉಳಿದ ಕುಂಬಳಕಾಯಿ ಹೆಚ್ಚಿ ಮುಗಿಸಿದಳು.

ಕಾಕಾನ ಸ್ಥಿತಿ ಹೇಳಬಾರದು. ಬದುಕಿರುವ ಅಣ್ಣನಿಗೆ ಪಿಂಡ ಇಟ್ಟೆನಲ್ಲ ಎಂದು ಎರಡು ದಿನ ಊಟ ಬಿಟ್ಟರು. ಆಮೇಲೆ ಪುರೋಹಿತ ಭಟ್ಟಾಚಾರ್ಯರನ್ನು ಎಳೆದುಕೊಂಡು ಬಂದರು. ಅವರು ಗಾಬರಿಯಾಗಲೇ ಇಲ್ಲ. ಗೊಂಬೆ ಸುಟ್ಟ ಮೇಲೆ ಮನುಷ್ಯ ವಾಪಸು ಬಂದರೆ ಏನು ಮಾಡಬೇಕೆಂದು ಶಾಸ್ತ್ರದಲ್ಲಿ ಹೇಳಿದೆಯಂತೆ. “ಮತ್ತೆ ಹುಟ್ಬೇಕು, ಅಷ್ಟೆ” ಅಂದರು. ತುಪ್ಪದ ಕೊಡದಲ್ಲಿ ಅದ್ದಿ ತೆಗೆದ ಹಾಗೆ ಮಾಡಿ, ಸ್ನಾನ ಮಾಡಿಸಿ, ಹುಟ್ಟಿದ ಮಗುವಿನ ಸಂಸ್ಕಾರದಿಂದ ಶುರು ಮಾಡುವುದು. ಆಮೇಲೆ ನಾಮಕರಣ, ಅನ್ನಪ್ರಾಶನ, ಉಪನಯನ. ಕೊನೆಗೆ ಮದುವೆ, ಅದೇ ಹೆಂಡತಿಯ ಜೊತೆ, ಏಳು ಸುತ್ತು ಮೊದಲಿನಿಂದ. ಬೀದಿಯಲ್ಲಿ ಈಗ ಬೇರೆ ಮಾತೇ ಇಲ್ಲ. ಇಟ್ಟಿಗೆ ಹಿಡಿದ ಅದೇ ಮಾಶಿಮಾ ಬಂದು, “ಅನ್ನಪ್ರಾಶನಕ್ಕೆ ಬೆಳ್ಳಿ ಬಟ್ಟಲು ನಂದು. ಮಗೂಗೆ ಹಲ್ಲು ಬಂದಿದ್ಯೋ ಉದ್ರಿದ್ಯೋ ಕೇಳಿ ಬರಿ” ಎಂದು ಹೋದರು.

ನಗುವ ಮಾತು ಇಲ್ಲಿಗೆ ಮುಗಿಯಿತು. ಭಟ್ಟಾಚಾರ್ಯರು ಹೋಗುವಾಗ ಅಮ್ಮನ ಕಡೆ ತಿರುಗಿ, “ತಾಯೀ, ಇದು ಹೊಸ ಮದ್ವೆ. ಕನ್ಯೆ ಒಪ್ಬೇಕು. ನಿಮಗೆ ಒಪ್ಪಿಗೆ ತಾನೆ?” ಎಂದು ಕೇಳಿದರು. ಅದು ಬಾಯಿಮಾತಿಗೆ ಕೇಳಿದ್ದು. ಅವಳು ಮಾತ್ರ ತಲೆಯೆತ್ತಿ ಅವರನ್ನು ನೋಡಿ, “ನನ್ನನ್ನ ಕೇಳ್ತಿದೀರಾ?” ಎಂದಳು. ಕಾಕಾ ಮಧ್ಯೆ ಬಾಯಿ ಹಾಕಿ, ಅತ್ತಿಗೆ ಒಪ್ಪದೆ ಏನು, ಫಾಲ್ಗುಣದ ಕೊನೆಯ ಮುಹೂರ್ತ ನೋಡಿ ಎಂದುಬಿಟ್ಟರು. ಅವಳು ಎದ್ದು ಒಳಗೆ ಹೋದಳು.

ಆದ್ದರಿಂದ ಬಾಬಾ, ಎಲ್ಲವೂ ಈಗ ಅವಳ ಒಂದು ಮಾತಿನ ಮೇಲೆ ನಿಂತಿದೆ. ಅವಳಿನ್ನೂ ಬಿಳಿ ಸೀರೆಯಲ್ಲೇ ಇದ್ದಾಳೆ. ಗಂಡ ಬದುಕಿರುವಾಗ ಹೀಗಿರುವುದು ಅಮಂಗಳವೆಂದು ನೆರೆಯವರು ಗೊಣಗುತ್ತಾರೆ, ಅವಳು ಕೇಳಿಸಿಕೊಳ್ಳುವುದಿಲ್ಲ. ನೀವು ಅವಳಿಗೇ ಒಂದು ಪತ್ರ ಬರೆಯಿರಿ. ನನಗೆ ಬೇಡ, ಅವಳಿಗೆ. ಏನು ಬರೆಯಬೇಕೆಂದು ನಾನು ಹೇಳಿಕೊಡಬೇಕಾಗಿಲ್ಲ.

ನಿಮ್ಮ
ಟುಕು


ಟಾಲಿಗಂಜ್
೧೧ ಫೆಬ್ರವರಿ ೧೯೭೫

ಮುದ್ದಿನ ಟುಕು,

ನಿನ್ನ ಪತ್ರ ಓದಿ ಬಳೆಯ ಸಂಗತಿಗೆ ಅತ್ತೆ, ಶಾಸ್ತ್ರದ ಸಂಗತಿಗೆ ಕುಣಿದೆ. ಭಟ್ಟಾಚಾರ್ಯರಿಗೆ ನನ್ನ ದಂಡವತ್ ಪ್ರಣಾಮ. ಎಲ್ಲಕ್ಕೂ ನಾನು ಸಿದ್ಧ. ತುಪ್ಪದಲ್ಲಿ ಅದ್ದಲಿ, ಹಾಲಿನಲ್ಲಿ ಅದ್ದಲಿ. ನನ್ನ ಆಯುಸ್ಸಿನಲ್ಲಿ ಇಂಥ ಪಾತ್ರ ಸಿಕ್ಕಿರಲಿಲ್ಲ. ಹುಟ್ಟಿನಿಂದ ಮದುವೆಯವರೆಗೆ ಎಲ್ಲ ದೃಶ್ಯದಲ್ಲೂ ನಾನೇ. ವರನ ಬಿಳಿ ಬೆಂಡಿನ ಕಿರೀಟವನ್ನು ಸ್ಟುಡಿಯೋದ ಸಾಮಾನಿನ ಕೋಣೆಯಿಂದಲೇ ತೆಗೆದಿಟ್ಟಿದ್ದೇನೆ, ತಲೆಗೆ ಸರಿಯಾಗಿ ಕೂರುತ್ತದೆ.

ಒಂದು ಸಿಹಿ ಸುದ್ದಿ. ಧರ್ ಬಾಬುಗಳು ತಡೆಯಲಾರದೆ ನಮ್ಮ ಕಥೆಯನ್ನು ನಿರ್ದೇಶಕ ಕಮಲಾಕ್ಷ ಬಾಬುಗಳಿಗೆ ಹೇಳಿದರು. ಅವರು ಕುರ್ಚಿಯಿಂದ ಎದ್ದುಬಿಟ್ಟರು. ಇದೇ ಅವರ ಮುಂದಿನ ಚಿತ್ರವಂತೆ. ಕ್ಯಾಮರಾ ತೆಗೆದುಕೊಂಡು ಮುಹೂರ್ತಕ್ಕೆ ಬಾಲೂರ್ಘಾಟ್‌ಗೇ ಬರುತ್ತಾರಂತೆ, ಹೊಳೆಯ ದಡ, ಮಂಟಪ, ನಿಜವಾದ ಜನ. “ಬಾಗ್ಚಿ, ನಾಯಕನ ಪಾತ್ರಕ್ಕೆ ನಿಮ್ಮನ್ನ ಬಿಟ್ಟು ಯಾರನ್ನ ಹಾಕ್ಲಿ?” ಎಂದು ಎಲ್ಲರ ಎದುರು ನನ್ನ ಬೆನ್ನು ತಟ್ಟಿದರು. ಇಪ್ಪತ್ತು ವರ್ಷವಾದ ಮೇಲೆ ನನ್ನ ಬೆನ್ನು ತಟ್ಟಿದವರು ಅವರೇ. ನಿಮ್ಮಮ್ಮನಿಗೆ ಬರೆದಿದ್ದ ಮಾತು ಸುಳ್ಳಾಗಲಿಲ್ಲ ನೋಡು, ದೊಡ್ಡ ಪಾತ್ರ ಬಂದೇ ಬಂತು.

ಅವಳಿಗೆ ಪತ್ರ ಬರೆ ಎಂದಿದ್ದೀಯ. ಕೂತರೆ ಒಂದು ಸಾಲೂ ಬರುತ್ತಿಲ್ಲ. ಎದುರಿಗೆ ನಿಂತು ಹೇಳುತ್ತೇನೆ. ಅಷ್ಟರಲ್ಲಿ ನೀನು ಒಂದು ವಿಷಯ ತಿಳಿದು ಬರೆ. ಕಮಲಾಕ್ಷ ಬಾಬುಗಳಿಗೆ ದೃಶ್ಯ ಬರೆಯಲು ಬೇಕಂತೆ. ಫೋಟೋ ಕಂಡಾಗ ನಿಮ್ಮಮ್ಮ ಅತ್ತಳೇ? ಎಷ್ಟು ಅತ್ತಳು? ಘಟ್ಟದ ಮೇಲೆ ಬಳೆ ಒಡೆಯುವಾಗ ನನ್ನ ಹೆಸರು ಹಿಡಿದು ಕೂಗಿದಳೇ, ಸುಮ್ಮನಿದ್ದಳೇ? ಹೆಂಗಸರನ್ನು ಕೇಳಿ, ಎಲ್ಲವನ್ನೂ ವಿವರವಾಗಿ ಬರೆ.

ಮರುಹುಟ್ಟಿಗೆ ಕಾದಿರುವ
ನಿನ್ನ ಬಾಬಾ


ಬಾಲೂರ್ಘಾಟ್
೧೯ ಫೆಬ್ರವರಿ ೧೯೭೫

ಬಾಬಾ,

ಅರವತ್ತಕ್ಕೆ ಅರಳು ಮರಳು ಎನ್ನುತ್ತಾರೆ, ನಿಮಗೆ ಇನ್ನೂ ಐವತ್ತನಾಲ್ಕು. ಪತ್ರವನ್ನು ಎರಡು ಸಲ ಓದಿದೆ, ನನ್ನ ಕಣ್ಣೇ ತಪ್ಪು ಓದಿರಬೇಕು ಎಂದುಕೊಂಡು. ಕ್ಯಾಮರಾ. ನಮ್ಮ ಘಟ್ಟಕ್ಕೆ. ಅವಳು ಎಷ್ಟು ಅತ್ತಳು ಎಂದು ಅಳೆದು ಕಳಿಸಬೇಕಂತೆ. ಶಾಲೆಯಲ್ಲಿ ಮಕ್ಕಳಿಗೆ ಯಾವ ಊರಲ್ಲಿ ಎಷ್ಟು ಮಳೆ ಬಿತ್ತೆಂದು ಬರೆಸುತ್ತೇನೆ, ಇದನ್ನೂ ಹಾಗೆ ಬರೆಯಲೇ?

ಈ ಪತ್ರವನ್ನು ಮೊದಲು ನಾನು ನೋಡಿದ್ದರೆ ಅವಳಿಂದ ಬಚ್ಚಿಡುತ್ತಿದ್ದೆ. ಆಗಲಿಲ್ಲ. ಅಂಚೆಯವನು ಅವಳ ಕೈಗೇ ಕೊಟ್ಟಿದ್ದ, ನಾನು ಶಾಲೆಯಿಂದ ಬರುವಷ್ಟರಲ್ಲಿ ಓದಿ ಮಡಿಸಿ ಇಟ್ಟಿದ್ದಳು. ಕನ್ನಡಕ ಇನ್ನೂ ಮೂಗಿನ ಮೇಲೆಯೇ ಇತ್ತು. “ನಿಮ್ಮಪ್ಪನ ಅಕ್ಷರ ಇನ್ನೂ ಹಾಗೇ ಇದೆ” ಎಂದಳು.

ಕಾಕಾ ಮಂಟಪದವನಿಗೆ ಹೇಳಿಯಾಗಿದೆ, ಬಾಣಸಿಗನನ್ನು ಗೊತ್ತುಮಾಡಿದ್ದಾರೆ. ಸಿನಿಮಾದ ಸುದ್ದಿ ತಿಳಿದರೆ ಇಡೀ ಊರು ಹೊಸ ಬಟ್ಟೆ ಹೊಲಿಸಿಕೊಂಡು ಬಂದು ನಿಲ್ಲುತ್ತದೆ. ನಾನು ಯಾರಿಗೂ ಹೇಳಿಲ್ಲ. ಕೈಮುಗಿದು ಕೇಳುತ್ತೇನೆ, ಆ ಮನುಷ್ಯರನ್ನು ಕರೆತರಬೇಡಿ. ನೀವೊಬ್ಬರೇ ಬನ್ನಿ. ನಿಮ್ಮನ್ನು ಚಿಕ್ಕ ಹುಡುಗಿಯಾಗಿದ್ದಾಗಿನಿಂದ ಬರೀ ಪರದೆಯ ಮೇಲೆ ನೋಡಿದ್ದೇನೆ. ಒಂದು ಸಲ ನಮ್ಮ ಅಂಗಳದಲ್ಲಿ ನೋಡಬೇಕೆಂದು ಆಸೆಯಿದೆ. ಇದನ್ನು ಬರೆಯಬಾರದೆಂದಿದ್ದೆ.

ಟುಕು


ಟಾಲಿಗಂಜ್
೨೮ ಫೆಬ್ರವರಿ ೧೯೭೫

ಟುಕು,

ಕಾರ್ಡಿನಲ್ಲಿ ಜಾಗ ಕಡಿಮೆ, ಆದ್ದರಿಂದ ನೇರವಾಗಿ ಬರೆಯುತ್ತೇನೆ. ಕ್ಯಾಮರಾ ಬರುವುದಿಲ್ಲ. ಮೊನ್ನೆ ಕಮಲಾಕ್ಷ ಬಾಬುಗಳು ಕರೆಸಿ ಮುಖಕ್ಕೆ ದೀಪ ಹಾಕಿ ಪರೀಕ್ಷೆ ಮಾಡಿದರು. “ಬಾಗ್ಚಿದಾ, ತಪ್ಪು ತಿಳೀಬೇಡಿ. ಹೆಂಡತಿ ಇಷ್ಟು ವರ್ಷ ಕಾದು ಕೂತ್ಲು ಅಂದ್ರೆ ಜನ ನಂಬೋ ಮುಖ ಬೇಕು. ನಿಮ್ದಲ್ಲ ಅದು” ಎಂದರು. ನನ್ನ ಪಾತ್ರ ಬೇರೆಯವರಿಗೆ ಹೋಯಿತು. ನನ್ನನ್ನು ಕೈಬಿಟ್ಟಿಲ್ಲ, ಫೋಟೋ ಬಳಸಿಕೊಳ್ಳುತ್ತಾರಂತೆ. ಚಿತ್ರೀಕರಣವೂ ಇಲ್ಲೇ, ಸ್ಟುಡಿಯೋದ ಕೆರೆಯ ಪಕ್ಕ ಆತ್ರೇಯಿಯ ದಡ ಮಾಡುತ್ತಾರೆ.

ಹೊರಗೆ ಬಂದು ಮರದ ಕೆಳಗೆ ಕೂತೆ. ಅವರು ಹೇಳಿದ್ದು ನಿಜವೇ ಎಂದು ಯೋಚಿಸಿದೆ. ನನಗೆ ಇನ್ನು ಸಿನಿಮಾ ಬೇಡ. ಮುಹೂರ್ತದ ಹಿಂದಿನ ದಿನ ಬಂದು ಇಳಿಯುತ್ತೇನೆ, ಒಬ್ಬನೇ. ನಿಮ್ಮಮ್ಮನಿಗೆ ಹೇಳು, ಅವಳು ಹೂಂ ಅಂದರೆ ಸಾಕು, ಉಳಿದ ದಿನಗಳನ್ನು ಆ ಮನೆಯ ಮೂಲೆಯಲ್ಲಿ ಕಳೆಯುತ್ತೇನೆ. ಅವಳನ್ನು ಬಿಟ್ಟರೆ ನನಗೆ ಯಾರೂ ಇಲ್ಲ.

ಬಾಬಾ


ಬಾಲೂರ್ಘಾಟ್
೪ ಮಾರ್ಚ್ ೧೯೭೫

ಮೇಲೆ ಏನೆಂದು ಸಂಬೋಧಿಸಬೇಕೋ ತಿಳಿಯದೆ ಜಾಗ ಬಿಟ್ಟಿದ್ದೇನೆ. ತಪ್ಪು ತಿಳಿಯಬೇಡಿ.

ಕಾರ್ಡು ತಲುಪಿತು. ಟುಕು ಓದಿ ಹೇಳಿದಳು, ಆಮೇಲೆ ನಾನೂ ಓದಿದೆ. ಉತ್ತರ ನಾನೇ ಬರೆಯುತ್ತೇನೆ ಎಂದೆ. ಅವಳು ಬನ್ನಿ ಎಂದರೆ ನೀವು ಮದುವೆಗೆಂದೇ ಬಂದುಬಿಡುತ್ತೀರಿ. ಮಂಟಪದ ಬಿದಿರು ಅಂಗಳಕ್ಕೆ ಬಂದು ಬಿದ್ದಿದೆ, ಮೈದುನ ಆಶು ಠಾಕುರ್‌ಪೋ ಬಾಣಸಿಗನ ಹತ್ತಿರ ಜಗಳವಾಡುತ್ತಿದ್ದಾರೆ. ಆದ್ದರಿಂದ ಬೇಗ ಬರೆಯಬೇಕು.

ನನ್ನ ಮದುವೆಯಾದಾಗ ನನಗೆ ಹದಿನೈದು. ನಮ್ಮ ತಂದೆ ನಿಮ್ಮ ತಂದೆಯ ಹತ್ತಿರ ಮಾತಾಡಿದರು, ಪುರೋಹಿತರು ಜಾತಕದ ಹತ್ತಿರ ಮಾತಾಡಿದರು. ನನ್ನ ಹತ್ತಿರ ಯಾರೂ ಏನೂ ಕೇಳಲಿಲ್ಲ, ಕೇಳಬೇಕೆಂದು ನನಗೂ ತೋರಲಿಲ್ಲ. ನೀವು ಕಲ್ಕತ್ತಕ್ಕೆ ಹೊರಟಾಗಲೂ ಹೋಗಿಬರುತ್ತೇನೆ ಎಂದಿರಿ, ಹೋಗಲೇ ಎಂದು ಕೇಳಲಿಲ್ಲ. ಅದಕ್ಕೆ ನನಗೆ ಕೋಪವಿಲ್ಲ. ಆಗ ಎಲ್ಲರ ಮನೆಯಲ್ಲೂ ಹಾಗೆಯೇ. ಆದರೆ ಈ ಸಲ ಭಟ್ಟಾಚಾರ್ಯರು ನಿಮಗೆ ಒಪ್ಪಿಗೆ ತಾನೆ ಎಂದು ಕೇಳಿದರು. ಅವರಿಗೆ ಆ ಮಾತು ಮರೆತೂ ಹೋಗಿರಬೇಕು. ನಾನು ತಿಂಗಳಿಂದ ಅದನ್ನೇ ಯೋಚಿಸುತ್ತಿದ್ದೇನೆ.

ನಿಮ್ಮ ಕಮಲಾಕ್ಷ ಬಾಬುಗಳು ಹೇಳಿದ್ದು ತಪ್ಪು. ಕಾಯುವುದಕ್ಕೆ ಮುಖ ಬೇಕಾಗಿಲ್ಲ. ನಾನು ಕಾದೆ. ಡಾಕ್ಟರಾಗಿದ್ದಾಗ ನೋಡಿದೆ, ಹೆಣವಾಗಿದ್ದಾಗಲೂ ನೋಡಿದೆ. ಚಾದರ ಎಳೆಯುವ ಮೊದಲು ನಿಮ್ಮ ಕಿವಿಯ ಪಕ್ಕ ನೊಣ ಕೂತಿತ್ತು ಒಂದು ಚಿತ್ರದಲ್ಲಿ, ನೀವು ಅಲ್ಲಾಡಲಿಲ್ಲ. ಟಾಕೀಸಿನಲ್ಲಿ ಕೂತು ನಾನು ಕೈ ಬೀಸಿದೆ. ಪಕ್ಕದವರು ನಕ್ಕರು. ಸಿನಿಮಾದ ಮೇಲೆ ನನಗೆ ಸಿಟ್ಟಿಲ್ಲ, ಅದೊಂದೇ ನಿಮ್ಮ ಸುದ್ದಿ ಕೊಡುತ್ತಿತ್ತು.

ನಾನು ಅತ್ತೆನೇ ಎಂದು ಕೇಳಿದ್ದೀರಿ. ನಿರ್ದೇಶಕರ ಹೆಸರು ಹೇಳಿದ್ದೀರಿ, ಬೇಕಾಗಿದ್ದದ್ದು ನಿಮಗೇ ಎಂದು ನನಗೆ ಗೊತ್ತಾಯಿತು. ಹೇಳುತ್ತೇನೆ. ಟಾಕೀಸಿನಲ್ಲಿ ಅಳಲಿಲ್ಲ. ಘಟ್ಟದ ಮೇಲೂ ಅಳಲಿಲ್ಲ, ಅಷ್ಟೊಂದು ಜನ ನೋಡುತ್ತಿದ್ದರು. ಶ್ರಾದ್ಧವಾಗಿ ಎಲ್ಲರೂ ಹೋದ ಮೇಲೆ ಹಿತ್ತಲಲ್ಲಿ ಪಾತ್ರೆ ತೊಳೆಯಲು ಕೂತೆ. ಅಲ್ಲಿ ಶುರುವಾಯಿತು. ಬಾಯಿಗೆ ಸೆರಗು ತುರುಕಿಕೊಂಡರೂ ನಿಲ್ಲಲಿಲ್ಲ. ನೀವು ರಂಗದ ಮೇಲೆ ನಿಂತಾಗಿನ ದನಿ, ಟುಕುವನ್ನು ಎತ್ತಿ ಎಸೆದು ಹಿಡಿಯುತ್ತಿದ್ದದ್ದು, ಹೊರಟ ದಿನ ನಿಮ್ಮ ಪೆಟ್ಟಿಗೆಗೆ ನಾನು ಕಟ್ಟಿದ ಹಗ್ಗ, ಎಲ್ಲಕ್ಕೂ ಅತ್ತೆ. ನೀವು ಯಾರೂ ಇಲ್ಲದೆ ಸತ್ತಿರೆಂದು, ಬಾಯಿಗೆ ನೀರು ಬಿಡುವವರಿರಲಿಲ್ಲವೆಂದು ಅತ್ತೆ. ದಿನವೂ ಅಲ್ಲೇ ಕೂತು ಅಳುತ್ತಿದ್ದೆ. ಟುಕುವಿಗೆ ಇದು ಗೊತ್ತಿಲ್ಲ. ಪುಷ್ಯ ಮಾಸದ ಚಳಿ ಹಿಡಿಯುವ ಹೊತ್ತಿಗೆ ಅಳು ಮುಗಿಯಿತು. ಒಂದು ದಿನ ಪಾತ್ರೆ ತೊಳೆದು ಎದ್ದೆ, ಮೈ ಹಗುರವಾಗಿತ್ತು. ಅಷ್ಟು ಹಗುರ ನಾನು ಹುಡುಗಿಯಾಗಿದ್ದಾಗ ಇದ್ದದ್ದು. ಆಮೇಲೆ ಧರ್ ಬಾಬುಗಳ ಪತ್ರ ಬಂತು.

ಹೊಸ ಮದುವೆಯಾದರೆ ಮತ್ತೆ ಬಳೆ ಹಾಕುತ್ತಾರೆ. ಬಳೆ ಹಾಕಿದರೆ ಒಂದು ದಿನ ಮತ್ತೆ ಒಡೆಯಬೇಕು. ನಿಮ್ಮ ಕೆಮ್ಮಿಗೂ ಹೆದರಬೇಕು, ಮತ್ತೆ ನಿಮ್ಮ ದಾರಿ ಕಾಯಬೇಕು. ನನ್ನ ಕೈಲಿ ಆಗುವುದಿಲ್ಲ. ಬಿಳಿ ಸೀರೆ ತೆಗೆದಿಟ್ಟಿದ್ದೇನೆ, ನಿನ್ನೆ ಮೀನಿನ ಸಾರು ಮಾಡಿ ಉಂಡೆ. ಮಾಶಿಮಾ ಬಂದು, ಮೀನು ತಿಂತೀಯಾ ಅಂದ್ರೆ ಗಂಡ ಇದ್ದಾನೆ ಅಂತ ಒಪ್ಪಿದ ಹಾಗೆ, ಬಳೆ ಎಲ್ಲಿ ಎಂದರು. ಮೀನು ರುಚಿ ಅಂತ ತಿಂದೆ ಎಂದೆ. ಊರು ಇನ್ನೂ ಏನೇನು ಅನ್ನುತ್ತದೋ ಅನ್ನಲಿ.

ಭಟ್ಟಾಚಾರ್ಯರ ಮನೆಗೆ ನಾನೇ ಹೋಗಿ ಒಪ್ಪಿಗೆ ಇಲ್ಲವೆಂದು ಹೇಳಿಬಂದಿದ್ದೇನೆ. ಠಾಕುರ್‌ಪೋಗೆ ಈ ಪತ್ರ ಅಂಚೆಗೆ ಹಾಕಿ ಬಂದು ಹೇಳುತ್ತೇನೆ.

ನೀವು ಬರುವುದಾದರೆ ಬನ್ನಿ. ಟುಕು ನಿಮ್ಮನ್ನು ನೋಡಬೇಕು, ಅವಳಿಗೆ ತಂದೆ ಬೇಕು. ಹೊರಗಿನ ಕೋಣೆ ಗುಡಿಸಿಟ್ಟಿದ್ದೇನೆ. ಹೊತ್ತು ಹೊತ್ತಿಗೆ ಊಟ ಬರುತ್ತದೆ, ಕಾಯಿಲೆಯಾದರೆ ನೋಡಿಕೊಳ್ಳುತ್ತೇನೆ, ಮನೆಗೆ ಬಂದವರನ್ನು ನೋಡಿಕೊಳ್ಳದೆ ಇರುವವಳಲ್ಲ. ಆದರೆ ಒಂದು ಮಾತು ತಿಳಿದಿರಲಿ. ನನ್ನ ಗಂಡ ತೀರಿಕೊಂಡರು. ಅವರಿಗಾಗಿ ನಾನು ಅತ್ತು ಮುಗಿಸಿದ್ದೇನೆ. ನಿಮ್ಮ ಪರಿಚಯ ನನಗಿಲ್ಲ.

ಸರಸೀಬಾಲಾ